ಹತ್ತೋಕೆ ಸುಮಾರು, ಇಳಿಯೋಕೆ ಭೇಷ್: ಹೊಸ ಊರಿನ ಬೆಟ್ಟಕ್ಕೆ ಅಂತ ತಗೊಂಡ ಟ್ರೆಕ್ಕಿಂಗ್ ಶೂ ರಿವ್ಯೂ

ಮೊದ್ಲೇ ತೀರ್ಪು ಹೇಳ್ಬಿಡ್ತೀನಿ, ಪೂರ್ತಿ ಓದೋಕೆ ಪುರುಸೊತ್ತಿಲ್ದೋರು ಇಲ್ಲಿಂದ್ಲೇ ವಾಪಸ್ ಹೋಗ್ಬಹುದು. ಹತ್ತೋವಾಗ ಈ ಶೂ ಸುಮಾರಾಗಿದೆ ಅಷ್ಟೇ, ಸ್ವಲ್ಪ ಭಾರ, ಸ್ವಲ್ಪ ಸೆಕೆ. ಇಳಿಯೋವಾಗ ಮಾತ್ರ ಇದರ ಬೆಲೆ ಗೊತ್ತಾಗುತ್ತೆ. ನೀರಿನ ವಿಷ್ಯಕ್ಕೆ ಬಂದ್ರೆ ಬಾಕ್ಸ್ ಮೇಲೆ ಬರ್ದಿರೋದು ಅರ್ಧ ನಿಜ, ಇನ್ನರ್ಧ ನಾವೇ ಆಸೆಪಟ್ಟು ಸೇರಿಸ್ಕೊಳ್ಳೋದು. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅನ್ನೋದನ್ನ ಮುಂದೆ ಹೇಳ್ತೀನಿ.

ಕಂಪನಿ ಹೆಸರು ಬರೀತಾ ಇಲ್ಲ. ಯಾಕಂದ್ರೆ ಈ ಜಾತಿ ಶೂನ, ಅಂದ್ರೆ ಕಾಲಿನ ಗಿಣ್ಣು ಮುಚ್ಚೋಷ್ಟು ಎತ್ತರ, ಒಳಗಡೆ ವಾಟರ್‌ಪ್ರೂಫ್ ಪದರ, ಕೆಳಗೆ ದಪ್ಪ ಹಲ್ಲಿರೋ ರಬ್ಬರ್ ಸೋಲ್, ಇಂಥದ್ದನ್ನ ಟ್ರೆಕ್ಕಿಂಗ್ ಸಾಮಾನು ಮಾಡೋ ಹೆಚ್ಚುಕಮ್ಮಿ ಎಲ್ಲಾ ಕಂಪನಿಗಳೂ ಮಾಡ್ತವೆ, ಗುಣ ದೋಷ ಎರಡೂ ಬಹಳ ಹತ್ತಿರ ಹತ್ತಿರ. ನಾನು ಬರೀತಿರೋದು ಈ ಜಾತಿ ಬಗ್ಗೆ ಅಂತ ತಿಳ್ಕೊಳ್ಳಿ, ನೀವು ಯಾವ ಬ್ರ್ಯಾಂಡ್ ತಗೊಂಡ್ರೂ ಚೆಕ್ ಮಾಡ್ಬೇಕಾದ್ದು ಇವೇ.

ಹಿನ್ನೆಲೆ ಸ್ವಲ್ಪ ಹೇಳ್ಬೇಕು, ಇಲ್ಲಾಂದ್ರೆ ಇಷ್ಟು ದೊಡ್ಡ ಶೂ ಯಾಕೆ ಬೇಕಿತ್ತು ಅಂತ ಕೇಳ್ತೀರಿ. ಕೆಲಸದ ಮೇಲೆ ಹೊಸ ಜಾಗಕ್ಕೆ ಬಂದೆ. ಮೊದ್ಲು ಇದ್ದಿದ್ದು ಸಪಾಟು ಬಯಲು, ಅಲ್ಲಿ ವಾಕಿಂಗ್ ಅಂದ್ರೆ ಟಾರ್ ರೋಡು, ಜಾಸ್ತಿ ಅಂದ್ರೆ ಒಂದು ಮಣ್ಣಿನ ದಾರಿ, ರನ್ನಿಂಗ್ ಶೂನೇ ಸಾಕಾಗ್ತಿತ್ತು. ಇಲ್ಲಿ ಕಿಟಕಿ ತೆಗೆದ್ರೆ ಬೆಟ್ಟ. ಆಫೀಸಲ್ಲಿ ಪರಿಚಯ ಆದೋರೆಲ್ಲಾ ಹೆಸ್ರು ಕೇಳಿದ್ಮೇಲೆ ಎರಡನೇ ಪ್ರಶ್ನೆನೇ "ಬೆಟ್ಟ ಹತ್ತಿದ್ರಾ?" ಅಂತ. ಊರಿಗೆ ಹೊಸಬಳು ಅನ್ನೋದು ಹೋಗ್ಬೇಕು ಅಂದ್ರೆ ಅದನ್ನೊಂದ್ಸಲ ಹತ್ತಿ ಬರ್ಲೇಬೇಕು ಅನ್ನೋ ತರ ಇತ್ತು ವಾತಾವರಣ. ಆದ್ರೆ ಹೊಸ ಜಾಗದ ತೊಂದ್ರೆ ಏನಂದ್ರೆ ಬೆಟ್ಟ ಕಣ್ಣಿಗೆ ಕಾಣುತ್ತೆ, ಅದರ ಸ್ವಭಾವ ಗೊತ್ತಿರಲ್ಲ. ಯಾವ ಬಂಡೆ ಯಾವಾಗ ಜಾರುತ್ತೆ, ಮೋಡ ಯಾವ ಕಡೆಯಿಂದ ಬಂದ್ರೆ ಮಳೆ, ಹಳ್ಳದಲ್ಲಿ ನೀರು ಯಾವ ಹೊತ್ತಿಗೆ ಏರುತ್ತೆ, ಇದೆಲ್ಲಾ ಅಲ್ಲೇ ಹುಟ್ಟಿ ಬೆಳೆದೋರ ಕಾಲಿಗೆ ಗೊತ್ತಿರುತ್ತೆ, ನಮಗೆ ಮ್ಯಾಪ್ ನೋಡಿದ್ರೂ ಗೊತ್ತಾಗಲ್ಲ.

ಮ್ಯಾಪ್ ಅಂದಾಗ ಜ್ಞಾಪಕ ಬಂತು, ಆಫ್‌ಲೈನ್ ಮ್ಯಾಪ್ ಡೌನ್‌ಲೋಡ್ ಮಾಡ್ಕೊಂಡು ಕಾಂಟೂರ್ ಗೆರೆಗಳನ್ನ (ಒಂದೇ ಎತ್ತರದ ಜಾಗಗಳನ್ನ ಸೇರಿಸೋ ಗೆರೆ) ನೋಡಿ, ಗೆರೆ ಹತ್ತಿರ ಹತ್ತಿರ ಇದ್ರೆ ಅಲ್ಲಿ ಕಡಿದಾಗಿದೆ ಅಂತ, ಅಗಲ ಅಗಲ ಇದ್ರೆ ಆರಾಮು ಅಂತ. ನೆಟ್‌ವರ್ಕ್ ಇಲ್ದೇ ಇದ್ರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತೆ, ಉಪಗ್ರಹದಿಂದ ನೇರ ಸಿಗ್ನಲ್ ತಗೊಳ್ಳೋದಲ್ವಾ. ಏರೋಪ್ಲೇನ್ ಮೋಡಲ್ಲಿ ಇಟ್ರೆ ಬ್ಯಾಟರಿನೂ ಉಳಿಯುತ್ತೆ. ನಮ್ಮ ಬೆಟ್ಟಕ್ಕೆ ಹೋಗಿ ಬರೋಕೆ ಸುಮಾರು 18 ಕಿಲೋಮೀಟರ್, ಏರು ಸುಮಾರು 1200 ಮೀಟರ್. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಅನ್ನೋ ಪರ್ವತಾರೋಹಿ 1892ರಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ, ಇವತ್ತಿಗೂ ಜನ ಬಳಸ್ತಾರೆ: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. ಈಗಿನ ಅಳತೇಲಿ ಹೆಚ್ಚುಕಮ್ಮಿ 5 ಕಿಲೋಮೀಟರಿಗೆ ಒಂದು, 600 ಮೀಟರ್ ಏರಿಗೆ ಒಂದು. ಆ ಲೆಕ್ಕದಲ್ಲಿ ನಮ್ಮ ಬೆಟ್ಟ ಐದೂವರೆ ಗಂಟೆ ಚಿಲ್ಲರೆ. ಆದ್ರೆ ನೈಸ್ಮಿತ್ ಸಾಹೇಬ್ರು ಈ ಲೆಕ್ಕ ಹಾಕಿದ್ದು ಫಿಟ್ ಆಗಿರೋರಿಗೆ, ಸಾಧಾರಣ ದಾರಿಗೆ, ನಿಲ್ಲೋ ಟೈಮ್ ಸೇರಿಸ್ದೆ. ಬಯಲಿಂದ ಬಂದೋರು ಇದಕ್ಕೆ ಅರ್ಧದಷ್ಟಾದ್ರೂ ಜಾಸ್ತಿ ಇಟ್ಕೊಳ್ಳಿ. ಪಕ್ಕದ ಮನೆ ಅಂಕಲ್ ಇದನ್ನೇ ಬೇರೆ ತರ ಹೇಳಿದ್ರು, "ನೋಡಮ್ಮ, ತುದಿ ಮುಟ್ಟಿದ್ರೂ ಸರಿ, ಮುಟ್ದೇ ಇದ್ರೂ ಸರಿ, ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿರ್ತೀಯೋ ಅಲ್ಲಿಂದ ವಾಪಸ್ ತಿರುಗ್ಬಿಡು" ಅಂತ. ಆಮೇಲೆ ನನ್ನ ರನ್ನಿಂಗ್ ಶೂ ಕಡೆ ನೋಡಿ, "ಇದ್ರಲ್ಲಿ ಹೋಗ್ಬೇಡ, ಹತ್ತೋಕೇನೋ ಆಗುತ್ತೆ" ಅಂದು ಸುಮ್ಮನಾದ್ರು. ಆ "ಹತ್ತೋಕೇನೋ" ಅನ್ನೋದರ ಅರ್ಥ ಆಗಿದ್ದು ಬೆಟ್ಟದ ಮೇಲೇನೆ.

ಈಗ ಶೂಗೆ ಬರೋಣ. ಅಂಗಡಿಗೆ ಹೋಗೋದಾದ್ರೆ ಸಾಯಂಕಾಲ ಹೋಗಿ, ಬೆಳಗ್ಗೆ ಬೇಡ. ಇಡೀ ದಿನ ಓಡಾಡಿದ ಮೇಲೆ ಪಾದ ಸ್ವಲ್ಪ ಊದ್ಕೊಂಡಿರುತ್ತೆ, ಬೆಟ್ಟದ ಮೇಲೆ ಕೂಡ ಹಾಗೇ ಊದೋದು, ಸೋ ಆ ಸೈಜಿಗೆ ತಗೊಳ್ಬೇಕು. ಟ್ರೆಕ್ಕಿಂಗಿಗೆ ಹಾಕೋ ಸಾಕ್ಸ್‌ನೇ ತಗೊಂಡು ಹೋಗಿ. ಲೇಸ್ ಕಟ್ಟದೆ ಕಾಲು ಪೂರ್ತಿ ಮುಂದಕ್ಕೆ ತಳ್ಳಿದಾಗ ಹಿಮ್ಮಡಿ ಹಿಂದೆ ಒಂದು ಬೆರಳು ಹೋಗೋಷ್ಟು ಜಾಗ ಇರ್ಬೇಕು, ಲೇಸ್ ಕಟ್ಟಿದ ಮೇಲೆ ಹಿಮ್ಮಡಿ ಮೇಲಕ್ಕೆ ಏಳಬಾರದು. ಅಂಗಡೀಲಿ ಇಳಿಜಾರು ಹಲಗೆ ಇದ್ರೆ ಅದರ ಮೇಲೆ ಮುಖ ಕೆಳಗೆ ಮಾಡಿ ನಿಂತು ಎರಡು ಸಲ ಕುಕ್ಕಿ ನೋಡಿ, ಕಾಲ್ಬೆರಳು ಮುಂದೆ ತಾಗ್ತು ಅಂದ್ರೆ ಆ ಶೂ ಎಷ್ಟೇ ಚೆನ್ನಾಗಿದ್ರೂ ವಾಪಸ್ ಇಟ್ಬಿಡಿ. ಹಲಗೆ ಇಲ್ಲ ಅಂದ್ರೆ ಮೆಟ್ಟಿಲು ಇಳಿದು ನೋಡಿ. ನಾನು ಮೆಟ್ಟಿಲು ಇಳಿದು ಇಳಿದು ಅಂಗಡಿ ಹುಡುಗನ ತಾಳ್ಮೆ ಪರೀಕ್ಷೆ ಮಾಡಿದೀನಿ, ಪಾಪ ಏನೂ ಅನ್ಲಿಲ್ಲ. ಹೆಂಗಸರಿಗೆ ಒಂದು ಮಾತು, ಲೇಡೀಸ್ ಮಾಡೆಲ್ ಅಂದ್ರೆ ಬರೀ ಬಣ್ಣ ಬೇರೆ ಅಂತ ಅನ್ಕೋಬೇಡಿ, ಒಳ್ಳೆ ಕಂಪನಿಗಳು ಪಾದದ ಅಚ್ಚನ್ನೇ ಬೇರೆ ಇಡ್ತವೆ, ಹಿಮ್ಮಡಿ ಕಡೆ ಕಿರಿದು. ಆದ್ರೆ ಪಾದ ಮುಂದೆ ಅಗಲ ಇರೋ ಹೆಂಗಸರು ಗಂಡಸರ ಮಾಡೆಲ್ ಹಾಕ್ಕೊಂಡು ನೋಡೋದ್ರಲ್ಲಿ ತಪ್ಪೇನಿಲ್ಲ, ಬೆಟ್ಟಕ್ಕೆ ಅದೆಲ್ಲಾ ಗೊತ್ತಾಗಲ್ಲ.

ಭಾರದ ವಿಷ್ಯ. ಒಂದೊಂದು ಶೂ ಅರ್ಧ ಕೆಜಿ ಹತ್ತಿರ ಇದೆ. ಅಷ್ಟೇನಾ ಅನ್ಸುತ್ತೆ, ಆದ್ರೆ ಕಾಲಿಗೆ ಕಟ್ಟಿದ ಭಾರ ಬೆನ್ನಿಗೆ ಹೊತ್ತ ಭಾರದ ತರ ಅಲ್ಲ, ಪ್ರತಿ ಹೆಜ್ಜೆಗೂ ಅದನ್ನ ಎತ್ತಿ, ಬೀಸಿ, ಮತ್ತೆ ನಿಲ್ಲಿಸ್ಬೇಕು. ಒಂದು ಕೆಜಿ ಕಾಲಲ್ಲಿ ಇದ್ರೆ ಬೆನ್ನಲ್ಲಿ ಐದು ಕೆಜಿ ಇದ್ದಂಗೆ ಅಂತ ಬೆಟ್ಟ ಹತ್ತೋರಲ್ಲಿ ಹಳೇ ಮಾತಿದೆ, ಉತ್ಪ್ರೇಕ್ಷೆ ಅನ್ಸಿದ್ರೂ ಮೂರನೇ ಗಂಟೆಗೆ ನಂಬಿಕೆ ಬರುತ್ತೆ. ಅದಕ್ಕೇ ಈಗ ತುಂಬಾ ಜನ ಹಗುರವಾದ ಟ್ರೈಲ್ ರನ್ನಿಂಗ್ ಶೂಗೆ, ಅಂದ್ರೆ ಕಾಡು ಬೆಟ್ಟದ ದಾರೀಲಿ ಓಡೋಕೆ ಅಂತ ಮಾಡಿದ ಶೂಗೆ ಹೋಗ್ತಿದ್ದಾರೆ, ದೂರ ದೂರದ ಟ್ರೈಲ್ ನಡೆಯೋರಂತೂ ಬಹಳಷ್ಟು ಜನ ಅದನ್ನೇ ಹಾಕೋದು. ಅವರ ಮಾತಲ್ಲಿ ನ್ಯಾಯ ಇದೆ. ದಾರಿ ಚೆನ್ನಾಗಿದ್ದು, ಬೆನ್ನ ಮೇಲೆ ಭಾರ ಕಮ್ಮಿ ಇದ್ದು, ಕಾಲು ಪಳಗಿದ್ರೆ ನಾನೂ ಅದನ್ನೇ ಹೇಳ್ತೀನಿ. ಆದ್ರೆ ಸಡಿಲ ಕಲ್ಲು, ಚೂಪು ಅಂಚು, ಗಂಟೆಗಟ್ಲೆ ಇಳಿಜಾರು, ಮೇಲಾಗಿ ಪಳಗದ ಕಾಲು ಅಂತಾದ್ರೆ ಗಟ್ಟಿ ಅಡಿಭಾಗದ ಶೂ ಎಷ್ಟು ಕೆಲಸ ಮಾಡುತ್ತೆ ಅನ್ನೋದು ಹಾಕಿದೋರಿಗೇ ಗೊತ್ತು.

ಆ ಗಟ್ಟಿತನ ಎಲ್ಲಿಂದ ಬರುತ್ತೆ ಅಂದ್ರೆ ಸೋಲಿನ ಮಧ್ಯೆ ಒಂದು ಪಟ್ಟಿ ಇರುತ್ತೆ, ಶ್ಯಾಂಕ್ ಅಂತಾರೆ, ನೈಲಾನ್ ಅಥವಾ ಬೇರೆ ಗಟ್ಟಿ ಪ್ಲಾಸ್ಟಿಕ್, ಕೆಲವದ್ರಲ್ಲಿ ಸ್ಟೀಲ್. ಶೂನ ಎರಡೂ ತುದಿ ಹಿಡಿದು ಮಡಚೋಕೆ ನೋಡಿ, ಬೆರಳ ಬುಡದ ಹತ್ರ ಮಾತ್ರ ಬಾಗಿದ್ರೆ ಸರಿ, ಮಧ್ಯದಲ್ಲಿ ಬಟ್ಟೆ ತರ ಮಡಚ್ಕೊಂಡ್ರೆ ಅದು ಪಾರ್ಕಿಗೆ ಹೋಗೋ ಶೂ. ಇದರಲ್ಲಿ ಕಲ್ಲಿನ ಅಂಚಿನ ಮೇಲೆ ಬರೀ ಮುಂಗಾಲು ಇಟ್ಟು ಮೇಲೇಳೋವಾಗ ಪಾದ ಬಾಗಲ್ಲ, ಮೀನಖಂಡಕ್ಕೆ ಅಷ್ಟು ಕೆಲಸ ಕಮ್ಮಿ. ಕೆಳಗಿನ ಕಾಡಿನ ಭಾಗದಲ್ಲಿ ಮರದ ಬೇರುಗಳೇ ಮೆಟ್ಟಿಲು ತರ ಇದ್ವು, ಅಲ್ಲಿ ಇದು ತುಂಬಾ ಹೆಲ್ಪ್ ಆಯ್ತು. ಆದ್ರೆ ಏರು ಜಾಸ್ತಿ ಆಗಿ ಬಿಸಿಲು ಬಂದ ಮೇಲೆ ಒಳಗೆ ಸೆಕೆ ಶುರು. ವಾಟರ್‌ಪ್ರೂಫ್ ಪದರ ಇರೋ ಎಲ್ಲಾ ಶೂಗೂ ಇದು ಇದ್ದದ್ದೇ.

ಸೋಲ್ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ನನಗೆ ಇದರಲ್ಲಿ ತುಂಬಾ ಇಷ್ಟ ಆದ ಭಾಗ ಅದೇ. ನೂರು ವರ್ಷದ ಹಿಂದೆ ಪರ್ವತಾರೋಹಿಗಳು ಚರ್ಮದ ಸೋಲಿಗೆ ಕಬ್ಬಿಣದ ಮೊಳೆ ಹೊಡ್ಕೊಂಡು ಹತ್ತುತಾ ಇದ್ರು. ಮೊಳೆ ಹಿಡಿತ ಕೊಡುತ್ತೆ, ಆದ್ರೆ ಭಾರ, ಲೋಹ ಆದ್ದರಿಂದ ಚಳೀನೂ ನೇರ ಪಾದಕ್ಕೆ ಮುಟ್ಟಿಸುತ್ತೆ. ಬಂಡೆ ಹತ್ತೋಕೆ ಅಂತ ಬೇರೆ ಮೆತ್ತನೆ ಸೋಲಿನ ಶೂ ಹಾಕೋರು, ಅದು ಹಿಮದಲ್ಲಿ ಕೆಲಸಕ್ಕೆ ಬರ್ತಿರಲಿಲ್ಲ. 1935ರಲ್ಲಿ ಇಟಲಿಯ ಆಲ್ಪ್ಸ್‌ನಲ್ಲಿ ಪುಂಟಾ ರಾಸಿಕಾ ಅನ್ನೋ ಶಿಖರದ ಮೇಲೆ ಹವಾಮಾನ ಕೆಟ್ಟು ಆರು ಜನ ಸತ್ತೋದ್ರು. ಅವರ ಸ್ನೇಹಿತ ವಿಟಾಲೆ ಬ್ರಮಾನಿ ಕೂಡ ಆ ಪ್ರವಾಸದಲ್ಲಿದ್ರು. ಸರಿಯಾದ ಶೂ ಇಲ್ದೇ ಇದ್ದದ್ದೂ ಅದಕ್ಕೆ ಒಂದು ಕಾರಣ ಅಂತ ಅನ್ಸಿ, ಬಂಡೆಗೂ ಹಿಮಕ್ಕೂ ಎರಡಕ್ಕೂ ಆಗೋ ರಬ್ಬರ್ ಸೋಲ್ ಮಾಡೋಕೆ ಕೂತ್ರು. ಟೈರ್ ಕಂಪನಿ ಪಿರೆಲ್ಲಿ ಸಹಾಯ ಸಿಕ್ತು, 1937ರಲ್ಲಿ ಪೇಟೆಂಟ್ ಆಯ್ತು, ಅದೇ ವಿಬ್ರಮ್. 1954ರಲ್ಲಿ ಇಟಲಿ ತಂಡದೋರು ಪ್ರಪಂಚದ ಎರಡನೇ ಎತ್ತರದ ಶಿಖರ ಕೆ2ನ ಮೊದಲ ಸಲ ಹತ್ತಿದಾಗ ಅವರ ಬೂಟಿಗೆ ಇದೇ ಕಂಪನಿ ಸೋಲ್. ಇವತ್ತು ನಮ್ಮ ನಿಮ್ಮ ಟ್ರೆಕ್ಕಿಂಗ್ ಶೂ ತಿರುಗಿಸಿದ್ರೆ ಕಾಣೋ ಆ ಹಲ್ಲು ಹಲ್ಲು ಡಿಸೈನ್ ಇದೆಯಲ್ಲ, ಬ್ರ್ಯಾಂಡ್ ಯಾವುದೇ ಇರ್ಲಿ, ಅದರ ಅಜ್ಜ ಮುತ್ತಜ್ಜ ಎಲ್ಲಾ ಅಲ್ಲಿಂದ್ಲೇ ಬಂದಿದ್ದು.

ನನ್ನ ಶೂನ ಹಲ್ಲು 5 ಮಿಲಿಮೀಟರ್ ಹತ್ತಿರ ಆಳ ಇದೆ. ಒದ್ದೆ ಮಣ್ಣಿನಲ್ಲಿ ಆಳಕ್ಕಿಂತ ಹಲ್ಲುಗಳ ಮಧ್ಯದ ಅಂತರ ಮುಖ್ಯ, ಹತ್ತಿರ ಹತ್ತಿರ ಇದ್ರೆ ಕೆಸರು ಅಲ್ಲೇ ಕಚ್ಕೊಂಡು ಕೂತು ಸೋಲ್ ಬೋಳಾದಂಗೆ ಆಗುತ್ತೆ. ಇದರಲ್ಲಿ ಅಂತರ ಚೆನ್ನಾಗಿದೆ, ನಾಲ್ಕು ಹೆಜ್ಜೆಗೆ ಕೆಸರು ತಾನೇ ಉದುರುತ್ತೆ. ಹಿಮ್ಮಡಿ ಹತ್ರ ಸೋಲಿಗೆ ಒಂದು ಮೆಟ್ಟಿಲು ತರ ಕಟ್ ಇದೆ, ಇಳಿಯೋವಾಗ ಬ್ರೇಕ್ ಹಿಡಿಯೋದು ಅದೇ, ಅಂಗಡೀಲಿ ಯಾರೂ ಅದನ್ನ ತೋರಿಸಲ್ಲ. ಮುಂದೆ ಬೆರಳಿನ ಕೆಳಗೆ ಹಲ್ಲಿಲ್ಲದ ಸಪಾಟು ಜಾಗ ಒಂದಿಷ್ಟು, ಬಂಡೆ ಮೇಲೆ ಸಣ್ಣ ಅಂಚಿಗೆ ಕಾಲಿಡೋಕೆ. ರಬ್ಬರ್ ಸ್ವಲ್ಪ ಗಟ್ಟಿ ಜಾತಿ. ಗಟ್ಟಿ ರಬ್ಬರ್ ಬಾಳಿಕೆ ಬರುತ್ತೆ ಆದ್ರೆ ಒದ್ದೆ ನುಣುಪು ಬಂಡೆ ಮೇಲೆ ಜಾರುತ್ತೆ, ಮೆತ್ತಗಿರೋದು ಕಚ್ಕೊಳುತ್ತೆ ಆದ್ರೆ ಬೇಗ ಸವೆಯುತ್ತೆ, ಎರಡೂ ಬೇಕು ಅಂದ್ರೆ ಯಾವ ಕಂಪನಿ ಹತ್ರನೂ ಆಗಲ್ಲ.

ಇನ್ನು ವಾಟರ್‌ಪ್ರೂಫ್. ಕಟ್ ಆದ ಸ್ಟಾರ್ ಇದಕ್ಕೇ. ಇದರ ಹಿಂದಿರೋ ಐಡಿಯಾ ಸೊಗಸಾಗಿದೆ. 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಅನ್ನೋರು ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನ ಬಿಸಿ ಮಾಡಿ ಮೆಲ್ಲಗೆ ಎಳೆಯೋಕೆ ಹೋಗಿ ಹೋಗಿ ತುಂಡಾಗ್ತಾ ಇದ್ದದ್ದಕ್ಕೆ ಬೇಜಾರಾಗಿ ಒಂದೇ ಸಲ ಜೋರಾಗಿ ಎಳೆದ್ರು, ಅದು ತುಂಡಾಗೋ ಬದ್ಲು ತುಂಬಾ ಉದ್ದಕ್ಕೆ ಹಿಗ್ಗಿತು, ಒಳಗೆಲ್ಲಾ ಕಣ್ಣಿಗೆ ಕಾಣದ ತೂತು. ಗೋರ್‌ಟೆಕ್ಸ್ ಅನ್ನೋ ವಾಟರ್‌ಪ್ರೂಫ್ ಪದರ ಹುಟ್ಟಿದ್ದು ಹಾಗೆ. ಆ ತೂತು ನೀರಿನ ಹನಿಗಿಂತ ಎಷ್ಟೋ ಪಾಲು ಸಣ್ಣದು, ಆವಿಯ ಕಣಕ್ಕಿಂತ ದೊಡ್ಡದು, ಅಂದ್ರೆ ಹೊರಗಿನ ಮಳೆ ಒಳಗೆ ಬರಲ್ಲ, ಒಳಗಿನ ಬೆವರು ಆವಿಯಾಗಿ ಹೊರಗೆ ಹೋಗುತ್ತೆ. ಬೇರೆ ಕಂಪನಿಗಳ ಪದರಗಳು ಬೇರೆ ಬೇರೆ ತರ ಇದ್ರೂ ಉದ್ದೇಶ ಒಂದೇ.

ಆದ್ರೆ ಆವಿ ಹೊರಗೆ ಹೋಗ್ಬೇಕಾದ್ರೆ ಒಳಗಿನ ಗಾಳಿ ಹೊರಗಿಂತ ಬಿಸಿ ಮತ್ತು ತೇವ ಇರ್ಬೇಕು, ಮತ್ತೆ ಶೂನ ಹೊರಗಿನ ಬಟ್ಟೆ ಒಣಗಿರ್ಬೇಕು. ಹೊರ ಬಟ್ಟೆ ನೀರು ಹೀರದೇ ಇರ್ಲಿ ಅಂತ ಒಂದು ಕೋಟಿಂಗ್ ಹಾಕಿರ್ತಾರೆ, ಹೊಸದ್ರಲ್ಲಿ ನೀರು ಮುತ್ತಿನ ತರ ಉರುಳಿ ಹೋಗೋದು ಅದರಿಂದ. ಪೊದೆ, ಕಲ್ಲು, ಕೆಸರಿಗೆ ಉಜ್ಜಿ ಉಜ್ಜಿ ಅದು ಹೋಗುತ್ತೆ. ಆಮೇಲೆ ಹೊರ ಬಟ್ಟೆ ನೀರು ಕುಡಿದು ಕೂರುತ್ತೆ, ಒಳಗೆ ನೀರು ಬರಲ್ಲ ನಿಜ, ಆದ್ರೆ ಬೆವರು ಹೊರಗೆ ಹೋಗೋ ದಾರಿ ಮುಚ್ಚೋಗುತ್ತೆ, ಕಾಲು ಒದ್ದೆ ಆಗುತ್ತೆ, ಜನ "ಲೀಕ್ ಆಗ್ತಿದೆ" ಅಂತ ಒಂದು ಸ್ಟಾರ್ ಕೊಟ್ಟು ಹೋಗ್ತಾರೆ. ನೀರು ಹಿಮ್ಮೆಟ್ಟಿಸೋ ಸ್ಪ್ರೇ ಸಿಗುತ್ತೆ, ಶೂ ತೊಳೆದು ಅದನ್ನ ಹಾಕಿದ್ರೆ ಮತ್ತೆ ಸರಿ ಹೋಗುತ್ತೆ. ನನ್ನ ತಕರಾರು ಬೇರೆ. ಹಳ್ಳ ದಾಟೋವಾಗ ನೀರು ಕಾಲರ್, ಅಂದ್ರೆ ಗಿಣ್ಣಿನ ಸುತ್ತ ಬರೋ ಶೂನ ಮೇಲಂಚು, ಅದರ ಮೇಲಿಂದ ಒಳಗೆ ಹೋಯ್ತು ಅಂದ್ರೆ ಮುಗೀತು, ಹೊರಗಿನ ನೀರನ್ನ ಒಳಗೆ ಬಿಡದೇ ಇರೋ ಪದರ ಒಳಗಿನ ನೀರನ್ನ ಹೊರಗೂ ಬಿಡಲ್ಲ. ಕೊಡಪಾನದಲ್ಲಿ ಕಾಲಿಟ್ಕೊಂಡು ನಡೆದಂಗೆ ಆಗುತ್ತೆ. ಜಾಲರಿ ಬಟ್ಟೆ ಶೂ ಆದ್ರೆ ನಡೀತಾ ನಡೀತಾ ನೀರು ಹಿಂಡಿ ಹೋಗಿ ಗಾಳಿಗೆ ಒಣಗ್ತಾ ಬರುತ್ತೆ, ಇದು ರಾತ್ರಿ ಕಳೆದ್ರೂ ಒಣಗಲ್ಲ. ಸೋ ನಿಮ್ಮ ಬೆಟ್ಟದಲ್ಲಿ ಮೊಣಕಾಲುದ್ದ ಹಳ್ಳ ದಾಟೋದಿದ್ರೆ ವಾಟರ್‌ಪ್ರೂಫ್ ಮಾಡೆಲ್ ಬೇಡ, ಇಬ್ಬನಿ ಹುಲ್ಲು, ಕೆಸರು, ತುಂತುರು, ಚಳಿ ಇಷ್ಟಕ್ಕಾದ್ರೆ ಬೇಕು. ಈ ಮಾತನ್ನ ಬಾಕ್ಸ್ ಮೇಲೆ ಎರಡೇ ಲೈನಲ್ಲಿ ಬರೆದಿದ್ರೆ ಎಷ್ಟು ಜನಕ್ಕೆ ಉಪಕಾರ ಆಗ್ತಿತ್ತು.

ತುದಿ ಬಗ್ಗೆ ಜಾಸ್ತಿ ಹೇಳೋಕೆ ಇಲ್ಲ, ಗಾಳಿ, ಮೋಡ, ಫೋಟೋ, ಚಳಿ. ಪ್ರತಿ 1000 ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಟೆಂಪರೇಚರ್ ಇಳಿಯುತ್ತೆ, ಬೆವರಿ ಒದ್ದೆಯಾದ ಬಟ್ಟೇಲಿ ಗಾಳಿಗೆ ನಿಂತ್ರೆ ಅದರ ಮೇಲೆ ಇನ್ನೊಂದಿಷ್ಟು, ಒಂದು ಜಾಕೆಟ್ ಬ್ಯಾಗಲ್ಲಿ ಇರ್ಲೇಬೇಕು. ನಮ್ಮ ಬೆಟ್ಟ ಅಷ್ಟೇನೂ ಎತ್ತರ ಅಲ್ಲ, ಆದ್ರೆ ನೀವು ಹೋಗಿರೋ ಊರಲ್ಲಿ ಬೆಟ್ಟ 2500 ಮೀಟರ್ ದಾಟುತ್ತೆ ಅಂದ್ರೆ ತಲೆನೋವು, ವಾಕರಿಕೆ, ನಿದ್ದೆ ಬರ್ದೇ ಇರೋದು ಇಂಥದ್ದೆಲ್ಲಾ ಶುರು ಆಗ್ಬಹುದು, ಫಿಟ್ ಆಗಿರೋರಿಗೂ ಬರುತ್ತೆ, ಜಾಸ್ತಿ ಆಗ್ತಿದೆ ಅಂದ್ರೆ ಕೆಳಗೆ ಇಳಿಯೋದೇ ಮದ್ದು. ಅದನ್ನ ಯಾವ ಶೂನೂ ಸರಿ ಮಾಡಲ್ಲ.

ಈಗ ಇಳಿಯೋದು. ಎಲ್ಲರೂ ಹತ್ತೋದನ್ನೇ ಕಷ್ಟ ಅಂತಾರೆ. ಹತ್ತೋದು ಎದೆಗೆ ಕಷ್ಟ, ಇಳಿಯೋದು ಮೊಣಕಾಲಿಗೆ, ಬೆರಳಿಗೆ, ಗಮನಕ್ಕೆ. ಹತ್ತೋವಾಗ ತೊಡೆಯ ಸ್ನಾಯು ಕುಗ್ತಾ ಕೆಲಸ ಮಾಡುತ್ತೆ, ಇಳಿಯೋವಾಗ ಅದೇ ಸ್ನಾಯು ಹಿಗ್ತಾ ಹಿಗ್ತಾ ಮೈಭಾರ ತಡೀಬೇಕು, ಈ ತರ ಕೆಲಸ ಅಭ್ಯಾಸ ಇಲ್ದೋರಿಗೆ ಸ್ನಾಯುವಿನ ನಾರಿಗೆ ಸಣ್ಣ ಸಣ್ಣ ಏಟು ಬೀಳುತ್ತೆ, ಮಾರನೇ ದಿನಕ್ಕಿಂತ ಅದರ ಮಾರನೇ ದಿನ ಮೆಟ್ಟಿಲು ಇಳಿಯೋಕಾಗದೇ ಪಕ್ಕಕ್ಕೆ ತಿರುಗಿ ಇಳಿಯೋದು ಅದಕ್ಕೇ. ಬಯಲಲ್ಲಿ ಎಷ್ಟು ಕಿಲೋಮೀಟರ್ ನಡೆದಿದ್ರೂ ಈ ಸ್ನಾಯು ಕೆಲಸದ ಅಭ್ಯಾಸ ಆಗಿರಲ್ಲ, ಹೊಸ ಊರಿಗೆ ಬಂದೋರು ಬೆಟ್ಟಕ್ಕೆ ಮುಂಚೆ ನಾಲ್ಕಾರು ವಾರ ಮೆಟ್ಟಿಲು ಹತ್ತಿ ಇಳಿದು ಮಾಡಿದ್ರೆ, ಅದರಲ್ಲೂ ಇಳಿಯೋದನ್ನ ಲಿಫ್ಟಿಗೆ ಬಿಡದೇ ಮಾಡಿದ್ರೆ ನಿಜವಾಗ್ಲೂ ವ್ಯತ್ಯಾಸ ಗೊತ್ತಾಗುತ್ತೆ.

ಇಳಿಯೋಕೆ ಶುರು ಮಾಡೋ ಮುಂಚೆ ಎರಡು ನಿಮಿಷ ಕೂತು ಲೇಸ್ ಬಿಚ್ಚಿ ಮತ್ತೆ ಕಟ್ಟಿ. ಹತ್ತೋವಾಗ ಮೇಲ್ಗಡೆ ಸ್ವಲ್ಪ ಸಡಿಲ ಇದ್ರೆ ಚೆನ್ನಾಗಿರುತ್ತೆ, ಇಳಿಯೋವಾಗ ಪಾದದ ಬೆನ್ನಿನ ಮೇಲೆ ಬಿಗಿ ಬೇಕು. ಪಾದ ಬಾಗೋ ಜಾಗದ ಹತ್ರ ಲೇಸ್ ಒಂದರ ಮೇಲೊಂದು ಎರಡು ಸುತ್ತು ಸುತ್ತಿ ಎಳೆದ್ರೆ ಅಲ್ಲಿಗೆ ಲಾಕ್ ಆಗುತ್ತೆ, ಕೆಳಗಿನ ಬಿಗಿ ಕೆಳಗೇ ಮೇಲಿನ ಬಿಗಿ ಮೇಲೇ ಉಳಿಯುತ್ತೆ. ಹಿಮ್ಮಡಿ ಹಿಂದಕ್ಕೆ ಕೂತ್ರೆ ಬೆರಳು ಮುಂದೆ ಹೋಗಿ ಬಡಿಯಲ್ಲ. ಇಳಿದ ಮೇಲೆ ಕಾಲಿನ ಉಗುರು ಕಪ್ಪಾಗೋದು, ಆಮೇಲೆ ಉದುರೋದು ನೋಡಿದೀರಲ್ಲ, ಅದು ಸಾವಿರಾರು ಸಲ ಬೆರಳು ಶೂಗೆ ಗುದ್ದಿ ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟೋದು. ಉಗುರನ್ನ ಎರಡು ಮೂರು ದಿನ ಮುಂಚೆ ಕತ್ತರಿಸ್ಕೊಳ್ಳಿ. ನನಗೆ ಒಂದು ಉಗುರೂ ಕಪ್ಪಾಗ್ಲಿಲ್ಲ, ಇದರ ಕ್ರೆಡಿಟ್ ಅರ್ಧ ಶೂಗೆ, ಅರ್ಧ ಆ ಅಂಗಡಿ ಮೆಟ್ಟಿಲಿಗೆ.

ತುದಿಯಿಂದ ಕೆಳಗೆ ಸಡಿಲ ಜಲ್ಲಿ ಕಲ್ಲಿನ ಇಳಿಜಾರು, ಕಾಲಿಟ್ರೆ ನೆಲವೇ ಜಾರೋದು. ಅಲ್ಲಿ ಹೆದರಿ ಹಿಂದಕ್ಕೆ ವಾಲಿದ್ರೆ ಕೂತ್ಬಿಡ್ತೀರಿ. ಹಿಮ್ಮಡಿ ಊರಿ, ಮೊಣಕಾಲು ಸ್ವಲ್ಪ ಬಾಗಿಸಿ, ಮೈಭಾರ ಪೂರ್ತಿ ಕಾಲ ಮೇಲೆ ಹಾಕಿದ್ರೆ ಶೂ ಜಲ್ಲಿ ಒಳಗೆ ಇಳಿದು ತಾನೇ ನಿಲ್ಲುತ್ತೆ. ಗಟ್ಟಿ ಹಿಮ್ಮಡಿ, ಆ ಬ್ರೇಕ್ ಕಟ್ಟು, ಗಿಣ್ಣಿನ ಸುತ್ತ ಕಾಲರ್, ಮೂರೂ ಸೇರಿ ಇಲ್ಲಿ ಎಷ್ಟು ಧೈರ್ಯ ಕೊಟ್ವು ಅಂದ್ರೆ ಜೊತೇಲಿ ಬಂದ ಸಹೋದ್ಯೋಗಿ, ಓಡೋ ಶೂ ಹಾಕಿದ್ದೋರು, ಹತ್ತೋವಾಗ ನನಗಿಂತ ಎಷ್ಟೋ ಮುಂದೆ ಇದ್ದೋರು, ಇಲ್ಲಿ ಹೆಜ್ಜೆ ಹೆಜ್ಜೆಗೂ ಕಲ್ಲು ತೆಗೆಯೋಕೆ ಕೂರ್ತಾ ನನ್ನ ಹಿಂದೆ ಉಳಿದ್ರು. ಅಂಕಲ್ ಹೇಳಿದ ಆ "ಹತ್ತೋಕೇನೋ" ಇದು.

ಕೆಳಗೆ ಬಂದ ಮೇಲೆ ನೀರು ಸೋರೋ ಬಂಡೆ ಹಾಸು. ಇಲ್ಲಿ ಶೂನ ಹಲ್ಲು ಏನೂ ಮಾಡಲ್ಲ, ನುಣುಪು ಕಲ್ಲಿನ ಮೇಲೆ ಎಷ್ಟು ರಬ್ಬರ್ ತಾಗುತ್ತೋ ಅಷ್ಟೇ ಹಿಡಿತ. ಸೋ ಹಿಮ್ಮಡಿ ಮಾತ್ರ ಊರೋ ಬದ್ಲು ಪಾದ ಪೂರ್ತಿ ಚಪ್ಪಟೆಯಾಗಿ ಇಡ್ಬೇಕು, ಮೈ ಕಾಲಿನ ನೇರಕ್ಕೆ ಇರ್ಬೇಕು, ಹೆಜ್ಜೆ ಸಣ್ಣದು. ಪಾಚಿ ಇರೋ ಕಡೆ ಯಾವ ಶೂನೂ ನಿಲ್ಲಲ್ಲ, ಸುತ್ತಿ ಹೋಗಿ, ಇಲ್ಲಾಂದ್ರೆ ಕೂತು ಜಾರಿ, ಮಾನಕ್ಕಿಂತ ಮೂಳೆ ದೊಡ್ಡದು. ಗಟ್ಟಿ ರಬ್ಬರಿನ ತೊಂದ್ರೆ ಇಲ್ಲಿ ಗೊತ್ತಾಯ್ತು, ಒಣ ಬಂಡೆ ಮೇಲೆ ಗೋಡೆಗೆ ಅಂಟಿದ ಹಲ್ಲಿ ತರ ನಿಲ್ಲೋ ಶೂ ಒದ್ದೆ ಬಂಡೆ ಮೇಲೆ ಒಂದೆರಡು ಕಡೆ ಸರ್ ಅಂತು.

ಕೋಲು ಇಟ್ಕೊಳ್ಳಿ ಅಂತ ಬೇರೆ ಹೇಳ್ಬೇಕಾ? ಇಳಿಜಾರಲ್ಲಿ ಕೋಲು ಬಳಸಿದ್ರೆ ಮೊಣಕಾಲಿನ ಮೇಲಿನ ಒತ್ತಡ 12ರಿಂದ 25 ಪರ್ಸೆಂಟ್ ಕಮ್ಮಿ ಆಗುತ್ತೆ ಅಂತ 1999ರಲ್ಲಿ ಬಂದ ಒಂದು ಅಧ್ಯಯನದಲ್ಲಿದೆ. ಹತ್ತೋವಾಗ ಮೊಣಕೈ ಲಂಬಕೋನಕ್ಕೆ ಬರೋಷ್ಟು ಉದ್ದ, ಇಳಿಯೋವಾಗ ಅದಕ್ಕಿಂತ ಒಂದು ಐದು ಹತ್ತು ಸೆಂಟಿಮೀಟರ್ ಜಾಸ್ತಿ. ಆದ್ರೆ ಕೈ ಊರಿ ಇಳಿಯೋ ಜಾಗದಲ್ಲಿ ಮಡಚಿ ಬ್ಯಾಗಿಗೆ ಸಿಗಿಸ್ಬಿಡಿ, ಅಲ್ಲಿ ಅದು ಕಾಲಿಗೆ ತೊಡರೋದು ಬಿಟ್ಟು ಬೇರೇನೂ ಮಾಡಲ್ಲ.

ಎತ್ತರದ ಶೂ ಹಾಕಿದ್ರೆ ಕಾಲು ಉಳುಕಲ್ಲ ಅನ್ನೋ ನಂಬಿಕೆ ಬಗ್ಗೆ ಒಂದು ಮಾತು. ಅಂಗಡಿಯೋರು ಇದನ್ನೇ ಹೇಳಿ ಮಾರ್ತಾರೆ. ಬಟ್ಟೆ ಫೋಮಿನ ಮೆತ್ತನೆ ಕಾಲರ್ ಮೈಭಾರಕ್ಕೆ ತಿರುಗೋ ಗಿಣ್ಣನ್ನ ತಡೆದು ನಿಲ್ಲಿಸುತ್ತೆ ಅಂತ ನಂಬ್ಕೊಂಡು ಕಾಲಿಡೋ ಜಾಗ ನೋಡದೇ ನಡೀಬೇಡಿ, ಗಿಣ್ಣು ಕಾಯೋದು ಅದರ ಸುತ್ತ ಇರೋ ಸ್ನಾಯು. ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜಿ, ಸಾಕು, ಅದೇ ಎಕ್ಸರ್ಸೈಜ್. ಕಾಲರಿನಿಂದ ಆಗೋ ನಿಜವಾದ ಉಪಯೋಗ ಅಂದ್ರೆ ಗಿಣ್ಣಿನ ಮೂಳೆಗೆ ಕಲ್ಲು ಬಡಿದ್ರೆ ಏಟಾಗಲ್ಲ, ಜಲ್ಲಿ ಒಳಗೆ ಹೋಗಲ್ಲ.

ಪಾದದಲ್ಲಿ ಏಳೋ ಬೊಬ್ಬೆ ವಿಷ್ಯದಲ್ಲಿ ಶೂಗಿಂತ ಸಾಕ್ಸ್ ಮುಖ್ಯ. ಕಾಟನ್ ಬೆವರು ಹೀರಿ ಹಿಡಿದಿಟ್ಕೊಳುತ್ತೆ, ಒದ್ದೆ ಚರ್ಮ ಮೆತ್ತಗಾಗಿ ಬೇಗ ಕಿತ್ತು ಬರುತ್ತೆ. ಮೆರಿನೋ ಉಣ್ಣೆ ಅಥವಾ ಸಿಂಥೆಟಿಕ್ ಒಳ್ಳೇದು, ಬೆಳಗ್ಗಿಂದ ಹಾಕಿದ್ದ ಸಾಕ್ಸ್‌ನ ತುದೀಲಿ ಬದಲಾಯಿಸಿದ್ರೆ ಇನ್ನೂ ಒಳ್ಳೇದು. ಎಲ್ಲೋ ಒಂದು ಕಡೆ ಬಿಸಿ ಬಿಸಿ ಉರಿ ಅನ್ಸಿದ ತಕ್ಷಣ ನಿಂತು ಅಲ್ಲಿಗೆ ಟೇಪ್ ಹಚ್ಚಿ, ಜೊತೆಗಿರೋರು ಬೈದ್ರೂ ಪರವಾಗಿಲ್ಲ. ಹೊಸ ಶೂನ ಸೀದಾ ಬೆಟ್ಟಕ್ಕೆ ಹಾಕ್ಕೊಂಡು ಹೋಗೋದು ಮಾತ್ರ ಬೇಡ, ಮನೆ ಒಳಗೆ, ಆಮೇಲೆ ಆಫೀಸಿಗೆ, ಆಮೇಲೆ ಸಣ್ಣ ಗುಡ್ಡಕ್ಕೆ, ಹೀಗೆ ಪಳಗಿಸಿ. ಆಫೀಸಲ್ಲಿ ಎಲ್ಲರೂ ನೋಡ್ತಾರೆ, ನೋಡ್ಲಿ.

ಬಾಳಿಕೆ ಬಗ್ಗೆ ಈಗ್ಲೇ ಪೂರ್ತಿ ಹೇಳೋಕಾಗಲ್ಲ, ಇಲ್ಲೀವರೆಗೆ ಹೊಲಿಗೆ ಗಟ್ಟಿ ಇದೆ, ಮುಂದಿನ ರಬ್ಬರ್ ಗುರಾಣಿ ಎಲ್ಲೂ ಬಿಟ್ಕೊಂಡಿಲ್ಲ. ತಗೊಳ್ಳೋವಾಗ ಮಿಡ್‌ಸೋಲ್, ಅಂದ್ರೆ ಪಾದಕ್ಕೂ ಕೆಳಗಿನ ರಬ್ಬರಿಗೂ ಮಧ್ಯದ ಮೆತ್ತನೆ ಪದರ, ಯಾವುದು ಅಂತ ಕೇಳಿ. ಇವಿಎ ಅನ್ನೋ ಫೋಮ್ ಆದ್ರೆ ಹಗುರ, ಆದ್ರೆ ಬೇಗ ಒತ್ತಿ ಚಪ್ಪಟೆ ಆಗುತ್ತೆ. ಪಾಲಿಯುರೆಥೇನ್ ಅನ್ನೋ ಇನ್ನೊಂದು ಫೋಮ್ ಆದ್ರೆ ಭಾರ, ಬಾಳಿಕೆ ಜಾಸ್ತಿ, ಆದ್ರೆ ಅದಕ್ಕೊಂದು ವಿಚಿತ್ರ ಕಾಯಿಲೆ, ಗಾಳೀಲಿರೋ ತೇವ ಅದನ್ನ ಒಳಗೊಳಗೇ ಒಡೆಯುತ್ತೆ. ವರ್ಷಗಟ್ಲೆ ಬೀರುವಲ್ಲಿ ಜೋಪಾನವಾಗಿ ಇಟ್ಟ ಶೂ ಹೊರಗಿಂದ ಹೊಸದರ ತರ ಕಾಣುತ್ತೆ, ಬೆಟ್ಟದ ಮಧ್ಯೆ ಸೋಲ್ ಪೂರ್ತಿ ಕಿತ್ತು ಕೈಗೆ ಬರುತ್ತೆ, ಒಳಗೆ ಪುಡಿ ಪುಡಿ. ಯಾರೋ ಕೊಟ್ಟ ಹಳೇ ಶೂ, ಡಿಸ್ಕೌಂಟಲ್ಲಿ ಸಿಕ್ಕ ತುಂಬಾ ಹಳೇ ಸ್ಟಾಕು ಆದ್ರೆ ಹೆಬ್ಬೆರಳಲ್ಲಿ ಮಿಡ್‌ಸೋಲ್ ಒತ್ತಿ ನೋಡಿ, ಬಿರುಕು ಕಂಡ್ರೆ ಬಿಟ್ಬಿಡಿ. ಒದ್ದೆ ಆದ್ರೆ ಒಳಗಿನ ಇನ್‌ಸೋಲ್ ತೆಗೆದು, ನ್ಯೂಸ್‌ಪೇಪರ್ ತುರುಕಿ, ನೆರಳಲ್ಲಿ ಒಣಗಿಸಿ. ಹೀಟರ್, ಬೆಂಕಿ, ಕಾರಿನ ಡ್ಯಾಶ್‌ಬೋರ್ಡ್ ಯಾವುದೂ ಬೇಡ, ಅಂಟು ಬಿಡುತ್ತೆ.

ವಾರಕ್ಕೊಂದ್ಸಲ ಸಪಾಟು ದಾರೀಲಿ ನಡೆಯೋರು ಇದಕ್ಕೆ ದುಡ್ಡು ಹಾಕ್ಬೇಡಿ, ಸುಮ್ನೆ ಭಾರ ಹೊರ್ತೀರಿ. ಬೆಟ್ಟದ ಬುಡಕ್ಕೆ ಮನೆ ಬದಲಾಯಿಸಿರೋರು, ಅದನ್ನ ಒಂದ್ಸಲ ಅಲ್ಲ ಮತ್ತೆ ಮತ್ತೆ ಹತ್ತೋ ಆಸೆ ಇರೋರು ತಗೊಳ್ಳಿ, ತಗೊಂಡ ದಿನವೇ ಕಂಪನಿ ಕೊಟ್ಟ ಲೇಸ್ ತೆಗೆದು ಹಾಕ್ಬಿಡಿ. ದುಂಡಗೆ ನುಣುಪಾಗಿದೆ, ಎಷ್ಟು ಬಿಗಿದ್ರೂ ಅರ್ಧ ಗಂಟೆಗೆ ಬಿಚ್ಕೊಳುತ್ತೆ. ನಾನು ಚಪ್ಪಟೆ ಲೇಸ್ ಹಾಕಿದೀನಿ, ಎರಡು ಗಂಟು, ಈಗ ಬುಡದಿಂದ ತುದೀವರೆಗೂ ಬಗ್ಗೋದೇ ಬೇಡ.